ಬಿಲ್ ಹಾಕುವವರು ಯಾರೇ ಇರಲಿ, ಹೊಣೆ ಮಾರುವವರದೇ

ಆನ್‌ಲೈನ್‌ನಲ್ಲಿ ಸರಕು ಮಾರುವವರಲ್ಲಿ ಇ-ಇನ್‌ವಾಯ್ಸ್ ಬಗ್ಗೆ ಎರಡು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಅದು ದೊಡ್ಡ ಕಂಪನಿಗಳ ತಲೆನೋವು ಅನ್ನುವುದು ಒಂದು. ಬಿಲ್ಲನ್ನು ಹೇಗೂ ಮಾರಾಟ ತಾಣವೇ ಹಾಕುತ್ತದೆ, ನಮಗೇಕೆ ಚಿಂತೆ ಅನ್ನುವುದು ಇನ್ನೊಂದು. ಮೊದಲನೆಯದು ಒಂದು ಕಾಲಕ್ಕೆ ನಿಜವೇ ಇತ್ತು. 2020ರ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ಈ ನಿಯಮ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಮಾತ್ರ ಇತ್ತು. ಮೂರೇ ತಿಂಗಳಲ್ಲಿ ಮಿತಿ 100 ಕೋಟಿಗೆ ಇಳಿಯಿತು. ಆಮೇಲೆ 50, 20, 10 ಎನ್ನುತ್ತ 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂದು ನಿಂತಿತು. ಈ 5 ಕೋಟಿ ಲಾಭದ ಲೆಕ್ಕವಲ್ಲ, ಒಂದೇ ಪ್ಯಾನ್ ಅಡಿ ದೇಶದಲ್ಲೆಲ್ಲ ನಡೆದ ವಹಿವಾಟಿನ ಲೆಕ್ಕ. ತಿಂಗಳಿಗೆ 42 ಲಕ್ಷದ ಮಾರಾಟವಾದರೆ ವರ್ಷಕ್ಕೆ ಗಡಿ ದಾಟಿದಂತೆ. ಕೈಗೆ ಉಳಿಯುವುದು ಕಮ್ಮಿಯಾದರೂ ಮಾರಾಟದ ಮೊತ್ತ ದೊಡ್ಡದಾಗಿ ಕಾಣುವ ಆನ್‌ಲೈನ್ ವ್ಯಾಪಾರದಲ್ಲಿ ಅದೇನೂ ಎತ್ತರದ ಗಡಿಯಲ್ಲ. ಆದರೆ ನಷ್ಟಕ್ಕೆ ದೂಡುವುದು ಎರಡನೆಯ ನಂಬಿಕೆ.

ಇ-ಇನ್‌ವಾಯ್ಸ್ ಎಂಬ ಹೆಸರು ಕೇಳಿ ಪಿಡಿಎಫ್ ಬಿಲ್ ಎಂದುಕೊಳ್ಳುವವರು ಬಹಳ. ವಿಷಯ ಹಾಗಲ್ಲ. ಬಿಲ್ಲಿನ ವಿವರ ಸರ್ಕಾರದ ನೋಂದಣಿ ಪೋರ್ಟಲ್‌ಗೆ ಹೋಗಬೇಕು. ಅಲ್ಲಿ ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ ನಂಬರ್ ಈ ನಾಲ್ಕು ವಿವರಗಳಿಂದ 64 ಅಕ್ಷರಗಳ ಒಂದು ಗುರುತು, ಅಂದರೆ ಐಆರ್‌ಎನ್, ಹುಟ್ಟುತ್ತದೆ. ಜೊತೆಗೆ ಕ್ಯೂಆರ್ ಕೋಡ್ ಬರುತ್ತದೆ. ಒಂದೇ ನಂಬರಿನ ಬಿಲ್ಲನ್ನು ಎರಡನೇ ಸಲ ಕಳಿಸಿದರೆ ಪೋರ್ಟಲ್ ಒಪ್ಪುವುದಿಲ್ಲ. ನಿಯಮ ಅನ್ವಯಿಸುವವರು ಐಆರ್‌ಎನ್ ಇಲ್ಲದೆ ಕೊಟ್ಟ ಬಿಲ್, ಎಷ್ಟೇ ಚೆಂದವಾಗಿ ಅಚ್ಚಾಗಿರಲಿ, ಕಾನೂನಿನ ಕಣ್ಣಿಗೆ ಬಿಲ್ಲೇ ಅಲ್ಲ. ಕೊಂಡವರಿಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ. ಬಿಲ್ ಇಲ್ಲದೆ ಮಾರಿದ ತಪ್ಪಿಗೆ ದಂಡ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಯಾವುದು ಹೆಚ್ಚೋ ಅದು.

ರಫ್ತು ಬಿಟ್ಟರೆ ಈ ನಿಯಮ ವ್ಯಾಪಾರಿ-ವ್ಯಾಪಾರಿ ನಡುವಿನ, ಅಂದರೆ ಬಿ ಟು ಬಿ ಬಿಲ್‌ಗಳಿಗೆ ಮಾತ್ರ. ಆನ್‌ಲೈನ್‌ನವರು ಎಡವುವುದು ಇಲ್ಲೇ. ಚಿಕ್ಕಪೇಟೆಯ ಗೋದಾಮಿನಿಂದ ಬೆಡ್‌ಶೀಟ್ ಮಾರುವ ಒಬ್ಬರನ್ನು ಊಹಿಸಿಕೊಳ್ಳಿ. ಹುಬ್ಬಳ್ಳಿಯ ಒಂದು ಮನೆಯವರು ಎರಡು ಬೆಡ್‌ಶೀಟ್ ತರಿಸಿಕೊಂಡರೆ ಐಆರ್‌ಎನ್ ಬೇಡ. ಮರುನಿಮಿಷ ಮೈಸೂರಿನ ಲಾಡ್ಜೊಂದು ಅದೇ ಪುಟದಲ್ಲಿ, ಅದೇ ಬೆಲೆಗೆ, ತನ್ನ ಜಿಎಸ್‌ಟಿ ಸಂಖ್ಯೆ ತುಂಬಿ ನಲವತ್ತು ಬೆಡ್‌ಶೀಟ್ ಆರ್ಡರ್ ಮಾಡಿದರೆ ಐಆರ್‌ಎನ್ ಬೇಕೇ ಬೇಕು. ಪ್ಯಾಕ್ ಮಾಡುವ ಹುಡುಗನಿಗೆ ಎರಡೂ ಒಂದೇ. ಕಾನೂನಿಗೆ ಬೇರೆ ಬೇರೆ. ಸರಕು ಮರಳಿ ಬಂದಾಗ ತೊಡಕು ಇನ್ನೂ ಹೆಚ್ಚು. ಪೋರ್ಟಲ್‌ನಲ್ಲಿ ಐಆರ್‌ಎನ್ ರದ್ದು ಮಾಡಲು 24 ಗಂಟೆಯಷ್ಟೇ ಅವಕಾಶ. ಆನ್‌ಲೈನ್ ರಿಟರ್ನ್ ಬರುವುದು ವಾರ, ಹತ್ತು ದಿನಕ್ಕೆ. ಆಗ ಕ್ರೆಡಿಟ್ ನೋಟ್ ಹಾಕಬೇಕು, ಅದಕ್ಕೂ ಬೇರೆ ಐಆರ್‌ಎನ್ ಪಡೆಯಬೇಕು. ವಹಿವಾಟು 10 ಕೋಟಿ ಮುಟ್ಟಿದವರು 2025ರ ಏಪ್ರಿಲ್ 1ರಿಂದ ಬಿಲ್ಲನ್ನಾಗಲಿ ಕ್ರೆಡಿಟ್ ನೋಟನ್ನಾಗಲಿ 30 ದಿನದೊಳಗೆ ಪೋರ್ಟಲ್‌ಗೆ ಕಳಿಸಲೇಬೇಕು. ಆಮೇಲೆ ಬಾಗಿಲು ಮುಚ್ಚಿತು.

ತಾಣದ ಸಾಫ್ಟ್‌ವೇರೇ ಇದನ್ನೆಲ್ಲ ಮಾಡಬಹುದಲ್ಲ ಎಂದು ಕೇಳಬಹುದು. ಮಾಡಬಹುದು, ಮಾರುವವರ ಪರವಾಗಿ ತಾಣ ಇ-ಇನ್‌ವಾಯ್ಸ್ ತಯಾರಿಸಲು ಅಡ್ಡಿಯಿಲ್ಲ. ಆದರೆ ಹೊಣೆ ವರ್ಗವಾಗುವುದಿಲ್ಲ. ತಪ್ಪಾದರೆ ನೋಟಿಸ್ ಬರುವುದು ಮಾರಿದವರ ಜಿಎಸ್‌ಟಿ ಸಂಖ್ಯೆಗೆ. ಕೆಲಸ ಒಬ್ಬರದು, ದಂಡ ಇನ್ನೊಬ್ಬರದು ಅನ್ನುವುದು ನ್ಯಾಯವಲ್ಲ, ಕಾನೂನು ಇಲ್ಲಿ ತಾಣಗಳನ್ನು ಸುಲಭವಾಗಿ ಬಿಟ್ಟಿದೆ ಎಂದೇ ನನ್ನ ಅಭಿಪ್ರಾಯ. ಅದು ಸರಿಹೋಗುವವರೆಗೆ ವ್ಯಾಪಾರಿಗೆ ಇರುವ ದಾರಿ, ತಾಣದ ಬಿ ಟು ಬಿ ವರದಿಯನ್ನೂ ತಾನು ಸಲ್ಲಿಸುವ ಮಾರಾಟದ ಲೆಕ್ಕಪತ್ರವಾದ ಜಿಎಸ್‌ಟಿಆರ್-1 ಅನ್ನೂ ಪ್ರತಿ ತಿಂಗಳು ಪಕ್ಕಪಕ್ಕ ಇಟ್ಟು ತಾಳೆ ನೋಡುವುದು. ಮಾರಾಟ ಮರೆಮಾಚುವ ಮಾತಂತೂ ಇಲ್ಲವೇ ಇಲ್ಲ. ತಾಣ ಮುರಿದುಕೊಳ್ಳುವ ಟಿಸಿಎಸ್ ತೆರಿಗೆ, 2024ರ ಜುಲೈ 10ರಿಂದ ಶೇ. 0.5, ಇಲಾಖೆಗೆ ಪ್ರತಿ ತಿಂಗಳೂ ನಿಮ್ಮ ಮಾರಾಟದ ಮೊತ್ತ ಹೇಳುತ್ತಲೇ ಇದೆ.

ಇ-ಇನ್‌ವಾಯ್ಸ್ ವ್ಯಾಪಾರಿಗಳ ಮೇಲಿನ ಕಣ್ಗಾವಲು ಎಂಬ ಆಕ್ಷೇಪವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಆದರೆ ಅಲ್ಲಿ ಪೆಟ್ಟು ಬಿದ್ದದ್ದು ಬಿಲ್ ಇದ್ದುದರಿಂದಲ್ಲ, ಇಲ್ಲದ್ದರಿಂದ. ಬ್ಯಾಂಕಿಗೆ ಬಂದ ಹಣ ತೆರಿಗೆಯಿಲ್ಲದ ಹಾಲು, ತರಕಾರಿಯದೋ ತೆರಿಗೆಯಿರುವ ಸರಕಿನದೋ ಎಂದು ಯುಪಿಐ ಹೇಳುವುದಿಲ್ಲ. ಇ-ಇನ್‌ವಾಯ್ಸ್ ಸರಕಿನ ಎಚ್‌ಎಸ್‌ಎನ್ ಕೋಡ್, ತೆರಿಗೆ ದರ, ತಾರೀಖು ಎಲ್ಲವನ್ನೂ ಹೇಳುತ್ತದೆ. ಅನುಮಾನ ಬಂದ ದಿನ ವ್ಯಾಪಾರಿಯ ಪರ ಸಾಕ್ಷಿ ನುಡಿಯುವುದೂ ಅದೇ.

ಮಿತಿ ಇನ್ನೂ ಇಳಿಯುವುದೋ ಇಲ್ಲವೋ, ಹಾದಿ ಮಾತ್ರ ಸ್ಪಷ್ಟ: ಸಾಮಾನ್ಯ ಗ್ರಾಹಕರ ಬಿಲ್‌ಗಳಿಗೂ ಇ-ಇನ್‌ವಾಯ್ಸನ್ನು ಪ್ರಯೋಗವಾಗಿ, ಒತ್ತಾಯವಿಲ್ಲದೆ ಆರಂಭಿಸಲು ಜಿಎಸ್‌ಟಿ ಮಂಡಳಿ 2024ರ ಸೆಪ್ಟೆಂಬರ್‌ನಲ್ಲೇ ಶಿಫಾರಸು ಮಾಡಿದೆ. ಈಗಿನ ಮಟ್ಟಿಗೆ ಮಾರ್ಚ್ 31ಕ್ಕೆ ಎಲ್ಲ ತಾಣಗಳ, ಎಲ್ಲ ರಾಜ್ಯಗಳ ಮಾರಾಟವನ್ನು ಕೂಡಿಸಿ ನೋಡಿ. 5 ಕೋಟಿ ದಾಟಿದ್ದರೆ ಏಪ್ರಿಲ್ 1ರ ಮೊದಲ ಬಿ ಟು ಬಿ ಬಿಲ್‌ಗೇ ಐಆರ್‌ಎನ್ ಬೇಕು. ಒಮ್ಮೆ ದಾಟಿದ ಮೇಲೆ ಮುಂದೆ ವಹಿವಾಟು ಇಳಿದರೂ ನಿಯಮ ಬಿಡುವುದಿಲ್ಲ.