ಮೂಲಂಗಿಯ ಬೀಜದ ಕಾವಲು

ಹಿತ್ತಲಿನ ಪಾತಿಯಲ್ಲಿ ಮೂಲಂಗಿಯ ಬೀಜವನ್ನು ಬಿತ್ತಿ ನೀರೆರೆದರೆ ಕೆಲವೇ ದಿನಗಳಲ್ಲಿ ಜೋಡಿ ಎಲೆಗಳು ಮಣ್ಣಿನ ಮೇಲೆ ತಲೆಯೆತ್ತುವುವು. ಇದು ನಮಗೆಲ್ಲರಿಗೂ ಚಿರಪರಿಚಿತವಾದ ಸಂಗತಿಯಾದುದರಿಂದ ಇದರಲ್ಲಿ ಸೋಜಿಗಪಡತಕ್ಕದ್ದೇನೂ ಇಲ್ಲವೆಂದು ತೋರಬಹುದು. ಆದರೆ ಆ ಬೀಜವು ಬಿದ್ದಿರುವ ಸ್ಥಳವೆಂತಹುದೆಂಬುದನ್ನು ವಾಚಕರು ತುಸು ಆಲೋಚಿಸಬೇಕು. ಒಂದು ಚಿಟಿಕೆ ತೋಟದ ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿರುವುವು. ಅವುಗಳ ನಡುವೆ ಬೂಷ್ಟಿನ ಎಳೆಗಳು ಆಹಾರವನ್ನು ಅರಸುತ್ತ ಎಲ್ಲ ಕಡೆಗೂ ಹಬ್ಬಿರುವುವು. ಬೀಜವೋ, ಎಣ್ಣೆ ಸಸಾರಜನಕಗಳು ತುಂಬಿದ ಬುತ್ತಿಯ ಗಂಟು. ಅದು ನೀರು ಕುಡಿದು ಉಬ್ಬಿ ಸಿಪ್ಪೆಯು ಬಿರಿಯಿತೆಂದರೆ, ಹಸಿದವರ ಗುಂಪಿನ ನಡುವೆ ಗಂಟನ್ನು ಬಿಚ್ಚಿದಂತೆಯೇ ಸರಿ. ಮಳೆಗಾಲದಲ್ಲಿ ಮರೆತಿಟ್ಟ ತಂಗಳನ್ನಕ್ಕೆ ಎರಡು ದಿನಗಳಲ್ಲಿ ಬೂಷ್ಟು ಹಿಡಿಯುವುದನ್ನು ಕಾಣುವ ನಮಗೆ, ಬೀಜವು ಕೊಳೆಯದೆ ಮೊಳೆಯುವುದೇ ದೊಡ್ಡ ಅಚ್ಚರಿಯಾಗಬೇಕಾಗಿತ್ತು.

ಪ್ರಾಣಿಗಳ ದೇಹದಲ್ಲಾದರೆ ರಕ್ತದೊಡನೆ ಸಂಚರಿಸುತ್ತ ವೈರಿಗಳನ್ನು ನುಂಗುವ ಬಿಳಿಯ ಕಣಗಳುಂಟು. ಗಿಡಕ್ಕೆ ರಕ್ತವಿಲ್ಲ, ಅಲೆದಾಡುವ ಕಾವಲುಗಾರರೂ ಇಲ್ಲ. ಅಲ್ಲಿ ಪ್ರತಿಯೊಂದು ಜೀವಕೋಶವೂ ತನ್ನ ಮನೆಯನ್ನು ತಾನೇ ಕಾಯ್ದುಕೊಳ್ಳತಕ್ಕದ್ದು. ಈ ಕಾರ್ಯಕ್ಕೆ ಸಸ್ಯಗಳು ಬಳಸುವ ಆಯುಧಗಳಲ್ಲಿ, ಸಸಾರಜನಕವೆಂದು ನಾವು ಕರೆಯುವ ಪ್ರೋಟೀನುಗಳ ಒಂದು ಪಂಗಡವು ಮುಖ್ಯವಾದುದು.

ಇವುಗಳ ಪರಿಚಯವು ಮೊದಲು ದೊರೆತುದು ಗೋಧಿಯ ಹಿಟ್ಟಿನಿಂದ. 1942ರಲ್ಲಿ ಅಮೆರಿಕದ ಬಾಲ್ಸ್ ಎಂಬ ರಸಾಯನ ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ಗೋಧಿಹಿಟ್ಟಿನಿಂದ ಒಂದು ಪ್ರೋಟೀನನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದರು. ಅದು ಬ್ಯಾಕ್ಟೀರಿಯಗಳನ್ನೂ ಬೂಷ್ಟುಗಳನ್ನೂ ಕೊಲ್ಲುವುದೆಂದು ಅದೇ ವರ್ಷದಲ್ಲಿಯೇ ತಿಳಿದುಬಂದಿತು. ಗಂಧಕವು ಹೇರಳವಾಗಿದ್ದ ಕಾರಣ ಗ್ರೀಕ್ ಭಾಷೆಯ ಗೋಧಿ, ಗಂಧಕ ಎಂಬ ಎರಡು ಶಬ್ದಗಳನ್ನು ಕೂಡಿಸಿ ಅದಕ್ಕೆ ಪ್ಯೂರೋಥಯೋನಿನ್ ಎಂದು ಹೆಸರಿಟ್ಟರು. ನಾವು ದಿನವೂ ಚಪಾತಿಗೆ ಕಲಸುವ ಹಿಟ್ಟಿನಲ್ಲಿ ವಿಷವಿರುವುದೇ ಎಂದು ಗೃಹಿಣಿಯರು ಗಾಬರಿಪಡಬೇಕಾದುದಿಲ್ಲ. ಪ್ರಾಣಿಗಳಿಗೆ ಸೂಜಿಯ ಮೂಲಕ ಚುಚ್ಚಿದಾಗ ಅಪಾಯವನ್ನುಂಟುಮಾಡಿದ ಈ ಪದಾರ್ಥವು ಬಾಯಿಂದ ತಿನ್ನಿಸಿದಾಗ ಯಾವ ಕೇಡನ್ನೂ ಮಾಡಲಿಲ್ಲವೆಂದು ಆಗಲೇ ಪರೀಕ್ಷಿಸಿ ನೋಡಿದ್ದರು.

ಇನ್ನು ಮೂಲಂಗಿಯ ವಿಚಾರಕ್ಕೆ ಬರೋಣ. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಬೀಜದಿಂದ ಬೂಷ್ಟನ್ನು ತಡೆಯುವ ಎರಡು ಪ್ರೋಟೀನುಗಳನ್ನು ಬೇರ್ಪಡಿಸಿದ್ದರು. ಅವು ಬೀಜದಲ್ಲಿ ಎಲ್ಲಿರುವುವು, ಯಾವಾಗ ಕೆಲಸಕ್ಕೆ ಇಳಿಯುವುವು ಎಂಬುದನ್ನು 1995ರಲ್ಲಿ ಅವರು ಪ್ರಕಟಿಸಿದ ವೃತ್ತಾಂತವು ಬಹು ಸ್ವಾರಸ್ಯವಾಗಿದೆ. ಇವು ಬೀಜದ ನಡುವೆ ಹುದುಗಿರುವುದಿಲ್ಲ. ಒಳಗಿನ ಅಂಗಗಳ ಹೊರಪದರಗಳಲ್ಲಿ, ಜೀವಕೋಶಗಳ ಗೋಡೆಗಳಲ್ಲಿ, ಕೋಟೆಯ ತೆನೆಗಳ ಮೇಲಣ ಸಿಪಾಯಿಗಳಂತೆ ಸಾಲುಗೊಂಡಿರುವುವು. ಸಿಪ್ಪೆಯು ಗಟ್ಟಿಯಾಗಿರುವವರೆಗೂ ಹೊರಕ್ಕೆ ಬರುವುದಿಲ್ಲ. ಮೊಳೆಯು ಸಿಪ್ಪೆಯನ್ನು ಸೀಳಿ ಬೀಜವು ತೀರ ನಿರಾಶ್ರಯವಾಗುವ ಆ ಗಳಿಗೆಯಲ್ಲಿಯೇ ಸುತ್ತಣ ತೇವಕ್ಕೆ ಇಳಿದು, ಬೂಷ್ಟು ಬೆಳೆಯಲಾರದಂತಹ ಒಂದು ಬಳಯವನ್ನು ಬೀಜದ ಸುತ್ತಲೂ ನಿರ್ಮಿಸುವುವು. ಮಗುವಿನ ಜೊತೆಗೆ ಹೊರಡುವ ತಾಯಿಯ ಎಚ್ಚರಿಕೆಯನ್ನು ಇಲ್ಲಿ ಕಾಣದಿರುವುದು ಕಷ್ಟ. ಆದರೆ ಬೀಜಕ್ಕೆ ಮನಸ್ಸೂ ಇಲ್ಲ, ಮಮತೆಯೂ ಇಲ್ಲ.

ಎಲೆಗಳ ರೀತಿಯೇ ಬೇರೆ. ಆರೋಗ್ಯವಾಗಿರುವ ಎಲೆಯಲ್ಲಿ ಇಂತಹ ಪ್ರೋಟೀನು ಇದೆಯೋ ಇಲ್ಲವೋ ಎನ್ನುವಷ್ಟು ಅಲ್ಪ. ಒಂದೆಡೆ ಬೂಷ್ಟು ತಗುಲಿದೊಡನೆ ಗಿಡದ ಇತರ ಎಲೆಗಳೂ ಅದನ್ನು ಧಾರಾಳವಾಗಿ ತಯಾರಿಸತೊಡಗುವುವು. ಸಾಸಿವೆಯ ಕುಲಕ್ಕೆ ಸೇರಿದ ಒಂದು ಸಣ್ಣ ಗಿಡದ ಮೇಲೆ ನಡೆದ ಪ್ರಯೋಗಗಳಿಂದ, ಈ ಸುದ್ದಿಯನ್ನು ಸಾರುವ ಪದಾರ್ಥಗಳಲ್ಲಿ ಜಾಸ್ಮೋನಿಕ್ ಆಮ್ಲವೊಂದೆಂದು ಗೊತ್ತಾಗಿದೆ. ಮಲ್ಲಿಗೆಯ ಜಾತಿಯ ಹೂವಿನ ಪರಿಮಳದ ಎಣ್ಣೆಯಲ್ಲಿ ಇದರ ಹತ್ತಿರದ ನಂಟನೊಂದು ಮೊದಲು ದೊರೆತುದೇ ಈ ಹೆಸರಿಗೆ ಕಾರಣ. ಮುಡಿಯ ಪರಿಮಳವೂ ಗಿಡದ ಯುದ್ಧಭೇರಿಯೂ ಒಂದೇ ಮನೆತನದವೆಂದು ಯಾರು ಊಹಿಸಿದ್ದರು?

ಈ ಪ್ರೋಟೀನುಗಳಿಗೆ ಡಿಫೆನ್ಸಿನ್, ಎಂದರೆ ರಕ್ಷಕಗಳು, ಎಂಬ ಹೆಸರನ್ನು ಆ ಸಂಶೋಧಕರೇ ಸೂಚಿಸಿದರು. ಇವುಗಳ ರಚನೆಯು ಹೇಗೆಂದರೆ: ಪ್ರೋಟೀನುಗಳೆಲ್ಲವೂ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳಷ್ಟೆ, ಅನೇಕ ಪ್ರೋಟೀನುಗಳಲ್ಲಿ ನೂರಾರು ಮಣಿಗಳಿದ್ದರೆ ಮೂಲಂಗಿಯ ರಕ್ಷಕದಲ್ಲಿರುವುದು 51 ಮಾತ್ರ. ಅವುಗಳಲ್ಲಿ ಎಂಟು ಮಣಿಗಳು ಗಂಧಕವುಳ್ಳವು. ಇವು ಎರಡೆರಡಾಗಿ ಕೊಂಡಿ ಹಾಕಿಕೊಂಡು ಸರವನ್ನು ನಾಲ್ಕು ಕಡೆಗಳಲ್ಲಿ ಬಿಗಿಯುವುವು. ಹೀಗೆ ಬಿಗಿದುಕೊಂಡ ಸರದಲ್ಲಿ ಒಂದು ಭಾಗವು ಸುರುಳಿಯಾಗಿಯೂ, ಮೂರು ಭಾಗಗಳು ಒತ್ತೊತ್ತಾಗಿ ಹಾಸಿದ ಪಟ್ಟಿಗಳಾಗಿಯೂ ನಿಲ್ಲುವುವು. ನಮ್ಮ ತಲೆಗೂದಲಿಗೆ ಗಟ್ಟಿತನವನ್ನು ಕೊಡುವುದೂ ಇಂತಹ ಗಂಧಕದ ಕೊಂಡಿಗಳೇ. ಮೊಟ್ಟೆಯ ಬಿಳಿಯ ಲೋಳೆಯು ಕಾಯಿಸಿದಾಗ ಗಟ್ಟಿಯಾಗುವುದು ಅದರ ಪ್ರೋಟೀನುಗಳ ಮಡಿಕೆಗಳು ಸಡಿಲುವುದರಿಂದ. ಈ ರಕ್ಷಕಗಳಾದರೋ ಬಿಗಿಯಾದ ಕಟ್ಟಿನ ಬಲದಿಂದ ಬಿಸಿಯನ್ನು ಬಹುಮಟ್ಟಿಗೆ ತಾಳಿಕೊಳ್ಳುವುವು.

ಆಯುಧವು ಒಳ್ಳೆಯದಾದರೆ ಸಾಲದು. ಅದು ವೈರಿಯನ್ನು ಗುರುತಿಸಿ ತನ್ನವರನ್ನು ಬಿಡಬೇಕು. ಇದೇ ಈ ವಿಷಯದ ತಿರುಳು. ಗೋಧಿಯ ಪ್ರೋಟೀನಿಗೆ ಧನ ವಿದ್ಯುದಂಶವಿದೆ; ಬ್ಯಾಕ್ಟೀರಿಯದ ಹೊರಪೊರೆಗೆ ಋಣ ವಿದ್ಯುದಂಶವಿದೆ. ಒಂದನ್ನೊಂದು ಸೆಳೆಯುವುದರಿಂದ ಪ್ರೋಟೀನು ಪೊರೆಗೆ ಅಂಟಿ ಅದನ್ನು ಸೋರುವಂತೆ ಮಾಡುವುದು. ಮೂಲಂಗಿಯ ರಕ್ಷಕವು ಇನ್ನೂ ನಯವಾದ ವಿವೇಚನೆಯುಳ್ಳದ್ದು. ಬೂಷ್ಟಿನ ಪೊರೆಯಲ್ಲಿರುವ, ಸಕ್ಕರೆಯೊಡನೆ ಕೂಡಿದ ಒಂದು ಬಗೆಯ ಕೊಬ್ಬಿಗೆ ಮಾತ್ರ ಅದು ಅಂಟುವುದೆಂದು 2004ರಲ್ಲಿ ತೋರಿಸಲಾಯಿತು. ಅದೇ ಹೆಸರಿನ ಕೊಬ್ಬು ಸೋಯಾ ಅವರೆಯಲ್ಲಿಯೂ ಮನುಷ್ಯರಲ್ಲಿಯೂ ಉಂಟು; ಆದರೆ ರಚನೆಯಲ್ಲಿ ಕಿಂಚಿತ್ ವ್ಯತ್ಯಾಸವಿರುವುದರಿಂದ ಅದು ಅವುಗಳ ತಂಟೆಗೆ ಹೋಗುವುದಿಲ್ಲ. ರೊಟ್ಟಿಯಂಗಡಿಯವರು ಬಳಸುವ ಯೀಸ್ಟಿನಲ್ಲಿ ಈ ಕೊಬ್ಬೇ ಇಲ್ಲ. ಆದುದರಿಂದ ಅದೂ ಪಾರು. ಈ ಆಯುಧಗಳಿಗೆ ಮಿತಿಯೂ ಉಂಟು. ಸುಣ್ಣದ ಅಂಶವೇ ಮೊದಲಾದ ಲವಣಗಳು ಹೆಚ್ಚಾಗಿ ಸೇರಿದ ಕಡೆಗಳಲ್ಲಿ ಇವುಗಳ ಹರಿತವು ಮೊಂಡಾಗುವುದು.

ಮೂಲಂಗಿಯನ್ನು ಮದ್ದೆಂದು ಅಗಿಯಲು ಹೊರಡುವವರಿಗೆ ಇಲ್ಲೊಂದು ಮಾತನ್ನು ಹೇಳಬೇಕು. ತಟ್ಟೆಯಲ್ಲಿ ಬೂಷ್ಟನ್ನು ತಡೆದುದು ದೇಹದಲ್ಲಿಯೂ ರೋಗವನ್ನು ತಡೆಯುವುದೆಂಬ ನಿಯಮವಿಲ್ಲ. ಸಸ್ಯಗಳ ಇಂತಹ ಪ್ರೋಟೀನುಗಳಲ್ಲಿ ಕೆಲವು ಮನುಷ್ಯರಿಗೆ ಒಗ್ಗದಿರುವುದೂ ಉಂಟು. ರಬ್ಬರಿನ ಮರದ ಹಾಲಿನಲ್ಲಿರುವ ಹೆವೀನ್ ಎಂಬ, 43 ಮಣಿಗಳ ಪುಟ್ಟ ಪ್ರೋಟೀನು ಮರಕ್ಕೆ ರಕ್ಷಕ. ಆದರೆ ರಬ್ಬರಿನ ಕೈಚೀಲಗಳನ್ನು ಧರಿಸುವ ವೈದ್ಯರು ದಾದಿಯರಲ್ಲಿ ಕೆಲವರಿಗೆ ಮೈ ತುರಿಕೆಯನ್ನೂ ಉಬ್ಬಸವನ್ನೂ ತರುವ ಪದಾರ್ಥಗಳಲ್ಲಿ ಅದೂ ಒಂದು.

ರೈತರಿಗೆ ಇದರಿಂದ ಪ್ರಯೋಜನವಾದೀತೇ? ಮೂಲಂಗಿಯ ರಕ್ಷಕವನ್ನು ತಯಾರಿಸುವ ವಂಶಗುಣವನ್ನು ಹೊಗೆಸೊಪ್ಪಿನ ಗಿಡಕ್ಕೆ ಸೇರಿಸಿದಾಗ ಅದು ಎಲೆಯ ಒಂದು ಬೂಷ್ಟುರೋಗವನ್ನು ಹೆಚ್ಚು ಚೆನ್ನಾಗಿ ಎದುರಿಸಿತೆಂದು 1995ರ ಅದೇ ವೃತ್ತಾಂತದಲ್ಲಿದೆ. 2010ರಲ್ಲಿ ನಮ್ಮ ದೇಶದ ಬರೋಡದ ಸಂಶೋಧಕರು ಅದನ್ನೇ ಭತ್ತಕ್ಕೆ ಸೇರಿಸಿ, ಬೆಂಕಿರೋಗವನ್ನು ತಡೆಯುವ ಶಕ್ತಿಯು ಹೆಚ್ಚಿದುದನ್ನು ಕಂಡರು. ಪ್ರಯೋಗಶಾಲೆಯ ಸಸಿಗೂ ರೈತನ ಗದ್ದೆಗೂ ನಡುವೆ ಇರುವ ದಾರಿಯು ಉದ್ದವಾದುದು.

ಎಲ್ಲ ವೈರಿಗಳಿಗೂ ಒಂದೇ ಆಯುಧವು ಸಲ್ಲುವುದಿಲ್ಲವೆಂಬುದಕ್ಕೆ ಮಲೆನಾಡಿನ ಅಡಕೆಯ ತೋಟದಲ್ಲಿಯೇ ನಿದರ್ಶನವಿದೆ. ಹೆವೀನಿನಂತಹ ಪ್ರೋಟೀನುಗಳು ಹಿಡಿಯುವುದು ಬೂಷ್ಟಿನ ಗೋಡೆಯಲ್ಲಿರುವ ಕೈಟಿನ್ ಎಂಬ ಪದಾರ್ಥವನ್ನು. ಏಡಿ ಸೀಗಡಿಗಳ ಚಿಪ್ಪಿನಲ್ಲಿರುವುದೂ ಅದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಕೊಳೆರೋಗದ ವಿವರವನ್ನು ಪ್ರಕಟಿಸಿದಾಗ ಅದಕ್ಕೆ ಕಾರಣವಾದ ಜೀವಿಯನ್ನು ಬೂಷ್ಟುಗಳ ಜೊತೆಯಲ್ಲಿಯೇ ಎಣಿಸುತ್ತಿದ್ದರು. ಈಗ ಅದನ್ನು ಬೇರೆಯ ವಂಶಕ್ಕೆ ಸೇರಿಸಿದ್ದಾರೆ. ಅದರ ಗೋಡೆಯಲ್ಲಿ ಸಸ್ಯಗಳಲ್ಲಿರುವಂತಹ ಸೆಲ್ಯುಲೋಸ್ ಉಂಟು. ಕೈಟಿನ್ನನ್ನು ಹುಡುಕುವ ಆಯುಧಕ್ಕೆ ಅಲ್ಲಿ ಹಿಡಿಯಲು ಹಿಡಿಯೇ ಸಿಕ್ಕದು. ಹಿಂದಿನವರು ಮಳೆಯಿಂದ ಕೊನೆಗಳನ್ನು ಮರೆಮಾಡಲು ಕೊಟ್ಟೆ ಕಟ್ಟುತ್ತಿದ್ದರು. ಇಂದಿಗೂ ಮುಂಗಾರಿನ ಹೊತ್ತಿಗೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ತೋಟದಲ್ಲಿ ಕದಡಿ ಕೊನೆಗಳಿಗೆ ಹೊಡೆಯುತ್ತಿದ್ದಾರೆ.