270ರ ಗೆರೆ ದಾಟಿದರೆ ಸಾಕು

ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 270. ಐದು ವರ್ಷದ ಎಲ್‌ಎಲ್‌ಬಿ ಓದಬೇಕೆನ್ನುವವರು ಮೊದಲು ನೋಡಿಕೊಳ್ಳಬೇಕಾದ ಸಂಖ್ಯೆ ಇದು. ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45 ಬೇಕು. ನಮ್ಮ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಹಿಂದುಳಿದ ವರ್ಗದವರಿಗೆ 252, ಪರಿಶಿಷ್ಟರಿಗೆ 240 ಇದ್ದರೆ ಅರ್ಜಿ ಹಾಕಬಹುದು.

ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತಾ ಪ್ರವೇಶದ ಅರ್ಜಿಗಳನ್ನೂ ನೋಡುವವಳು ನಾನು. ಅಂಕ ಕಡಿಮೆ ಬಿದ್ದ ಮಕ್ಕಳ ತಂದೆತಾಯಿ ಯಾರಿಂದ ಹೇಳಿಸಬೇಕು ಎಂದು ಕೇಳುತ್ತಾರೆ. ಹೇಳಿಸಿ ಆಗುವ ಕೆಲಸವಲ್ಲ, ಬರೆದು ಆಗುವ ಕೆಲಸ. 2024ರಿಂದ ಪಿಯು ಪರೀಕ್ಷೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ. ಪಾಸಾದವರೂ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

258 ಅಂಕದ ಒಬ್ಬ ಹುಡುಗಿಗೆ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ನನ್ನೆದುರೇ ರಾಜ್ಯಶಾಸ್ತ್ರದ ಉತ್ತರ ಬರೆಸಿದೆ. ವಿಷಯ ಗೊತ್ತಿತ್ತು, ಹತ್ತು ಅಂಕದ ಪ್ರಶ್ನೆಗೆ ಐದು ಸಾಲು ಬರೆದು ಪೆನ್ನು ಕೆಳಗಿಟ್ಟಳು. ಪೀಠಿಕೆ, ಅಂಶಗಳು, ಪ್ರತಿ ಅಂಶಕ್ಕೆ ಎರಡು ವಾಕ್ಯ ವಿವರಣೆ – ಇಷ್ಟನ್ನೇ ರೂಢಿ ಮಾಡಿಸಿದ್ದು. ಎರಡು ವಿಷಯ ಮತ್ತೆ ಬರೆದು ಗೆರೆ ದಾಟಿದಳು. ನಾಳೆ ಪರೀಕ್ಷೆಯಲ್ಲೂ ಕೋರ್ಟಿನಲ್ಲೂ ಅವಳಿಗೆ ಬೇಕಾಗುವುದು ಇದೇ ಅಭ್ಯಾಸ.

ಗೆರೆ ದಾಟಿದ ಮೇಲೆ? ಪಿಯು ಅಂಕ ನೋಡಿ ಸೀಟು ಕೊಡುವ ಕಾಲೇಜುಗಳಲ್ಲಿ ಕಡಿಮೆ ಅಂಕದವರು ಹಿಂದೆ ಬೀಳುತ್ತಾರೆ, ನಿಜ. ಆದರೆ ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನಲ್ಲಿ ಹಾಗಲ್ಲ. ಅಲ್ಲಿ ಅರ್ಹತೆಯ ಅಂಕವಿದ್ದರೆ ಮುಗಿಯಿತು (ಹಿಂದುಳಿದ ವರ್ಗಕ್ಕೂ ಅಲ್ಲಿ ಶೇ. 45 ಬೇಕು, ಮರೆಯಬೇಡಿ). 270 ಬಂದವನಿಗೂ 590 ಬಂದವಳಿಗೂ ಅದೇ 120 ಪ್ರಶ್ನೆ, ಅದೇ ಎರಡು ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಇಡೀ ಪತ್ರಿಕೆ ಇಂಗ್ಲಿಷಿನಲ್ಲಿ, ಉದ್ದುದ್ದ ಗದ್ಯಭಾಗ ಓದಿ ಉತ್ತರಿಸಬೇಕು. ಕನ್ನಡ ಮಾಧ್ಯಮದ ಮಕ್ಕಳು ಒಂದು ವರ್ಷ ಬಿಡುವು ಮಾಡಿಕೊಂಡು ದಿನಾ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಓದಿದರೆ ಆ ವರ್ಷ ವ್ಯರ್ಥವಲ್ಲ. ಇಂಗ್ಲಿಷ್ ಬೇಡವೆನ್ನುವವರಿಗೆ ರಾಜ್ಯ ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಕನ್ನಡದಲ್ಲೇ ಬರೆಯುವ ಅವಕಾಶವಿದೆ.

ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಸೇರುವುದೂ ಒಳ್ಳೆಯ ದಾರಿ. ಅಲ್ಲಿ ಲೆಕ್ಕಕ್ಕೆ ಬರುವುದು ಪದವಿಯ ಅಂಕ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕೂಡ 2022ರಿಂದ ಈ ಕೋರ್ಸ್ ನಡೆಸುತ್ತಿದೆ, ತನ್ನದೇ ಪ್ರವೇಶ ಪರೀಕ್ಷೆಯ ಮೂಲಕ. ಪಿಯುಸಿ ಓದದೆಯೇ ಪದವಿ ಕೊಡಿಸುತ್ತೇವೆ, ಆಮೇಲೆ ಕಾನೂನು ಓದಬಹುದು ಎನ್ನುವ ದಲ್ಲಾಳಿಗಳ ಮಾತನ್ನು ಮಾತ್ರ ದಯವಿಟ್ಟು ನಂಬಬೇಡಿ. ಹತ್ತನೇ ತರಗತಿ, ಪಿಯುಸಿ ಬಿಟ್ಟು ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಪಡೆದ ಪದವಿಗೆ ಕಾನೂನು ಕೋರ್ಸಿನಲ್ಲಿ ಪ್ರವೇಶವಿಲ್ಲ.