ತೋಟ ಕೈಬದಲಾದಾಗ ಆಳುಗಳ ಲೆಕ್ಕ

ತೋಟ ಕೊಳ್ಳುವ ಮೊದಲು ನಾವು ಪಹಣಿ ನೋಡುತ್ತೇವೆ, ಋಣಭಾರ ಪತ್ರ ತರಿಸುತ್ತೇವೆ, ಗಿಡದ ವಯಸ್ಸು, ನೆರಳಿನ ಮರ, ಕೆರೆಯ ನೀರು, ಕಣದ ಅಳತೆ ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಲೈನು ಮನೆಗಳಲ್ಲಿ ಯಾರು ಎಷ್ಟು ವರ್ಷಗಳಿಂದ ಇದ್ದಾರೆ, ಅವರಿಗೆ ಸಲ್ಲಬೇಕಾದುದು ಎಷ್ಟು ಎಂದು ಕೇಳುವವರು ವಿರಳ. ಕ್ರಯಪತ್ರದಲ್ಲಿ ಮರಗಳ ಲೆಕ್ಕ ಬರುತ್ತದೆ, ಆಳುಗಳ ಲೆಕ್ಕ ಬರುವುದಿಲ್ಲ. ತಕರಾರು ಹುಟ್ಟುವುದು ಇಲ್ಲಿಯೇ.

ಈಚೆಗೆ ನಮ್ಮ ಸದಸ್ಯರೊಬ್ಬರು ನೆರೆಯ ಕಾಫಿ ತೋಟವೊಂದರ ಖರೀದಿಯ ಮಾತುಕತೆಯಲ್ಲಿದ್ದಾಗ ನಮ್ಮನ್ನು ಕೇಳಿದರು: "ಹಳೆಯ ಆಳುಗಳನ್ನು ನಾನು ಇಟ್ಟುಕೊಳ್ಳಲೇಬೇಕೆ? ಇಟ್ಟುಕೊಳ್ಳದಿದ್ದರೆ ಅವರ ಹಣ ಯಾರು ಕೊಡಬೇಕು?" ಅದೇ ತೋಟದಲ್ಲಿ 18 ವರ್ಷ ಮರಗಸಿ, ಚಿಗುರು ತೆಗೆಯುವ ಕೆಲಸ ಮಾಡಿಕೊಂಡು ಬಂದ ಆಳಿನ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ: "ಧಣಿಗಳು ತೋಟ ಮಾರ್ತಾರಂತೆ, ನಮ್ಮ ಗತಿ ಏನು ಸ್ವಾಮಿ?" ಇಬ್ಬರಿಗೂ ಉತ್ತರ ಒಂದೇ ಕಡೆ ಸಿಗುವುದರಿಂದ ಅದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಕಾನೂನು ಏನೆನ್ನುತ್ತದೆ?

1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಉದ್ಯಮವೇ ಮಾರಾಟವಾದಾಗ ಅಥವಾ ಮುಚ್ಚಿದಾಗ ಕೆಲಸ ಹೋದರೆ ಅದು 'ರಿಟ್ರೆಂಚ್‌ಮೆಂಟ್' ಆಗುವುದಿಲ್ಲ, ಆದ್ದರಿಂದ ಅದರ ಪರಿಹಾರ ಸಲ್ಲದು ಎಂಬುದು ಅದರ ಸಾರ. ಕಾರ್ಮಿಕರ ಕೈ ಬರಿದಾಗುವುದನ್ನು ಕಂಡು ಸಂಸತ್ತು 1957ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ತಿದ್ದುಪಡಿ ತಂದು 25 ಎಫ್‌ಎಫ್ ಎಂಬ ಕಲಮನ್ನು ಈಗಿನ ರೂಪಕ್ಕೆ ತಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದೇ ನಿಯಮ 73ನೆಯ ಕಲಮಾಗಿ ಮುಂದುವರಿದಿದೆ.

ನಿಯಮ ಸರಳವಾದುದು. ಮಾರಾಟಕ್ಕೆ ಮುಂಚೆ ಕನಿಷ್ಠ ಒಂದು ವರ್ಷ ಎಡೆಬಿಡದೆ ಸೇವೆ ಸಲ್ಲಿಸಿದವರಿಗೆ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ಒಂದು ತಿಂಗಳ ವೇತನ ಕೊಡಬೇಕು. ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ಉಳಿದ ತಿಂಗಳುಗಳು ಆರನ್ನು ಮೀರಿದ್ದರೆ ಅದೂ ಒಂದು ವರ್ಷವೇ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷದ ಸೇವೆ ಎಂದು ಎಣಿಸುತ್ತಾರೆ. ಹಣ್ಣು ಕೊಯ್ಲಿಗೆ ಮಾತ್ರ ಬಂದುಹೋಗುವವರು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುವುದಿಲ್ಲ.

ಮೂರು ಷರತ್ತುಗಳು ಒಟ್ಟಿಗೆ ಪೂರೈಸಿದರೆ ಈ ಪರಿಹಾರ ಕೊಡಬೇಕಾಗಿಲ್ಲ. ಒಂದು, ಮಾರಾಟದಿಂದ ಆಳಿನ ಸೇವೆ ಕಡಿದಿರಬಾರದು. ಎರಡು, ಹೊಸ ಯಜಮಾನರು ಕೊಡುವ ಕೂಲಿ ಮತ್ತು ಸೌಲಭ್ಯ ಮೊದಲಿಗಿಂತ ಕಡಿಮೆಯಾಗಿರಬಾರದು. ಮೂರು, ಮುಂದೆಂದಾದರೂ ಕೆಲಸದಿಂದ ತೆಗೆದರೆ ಹಳೆಯ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆ ಹೊಸ ಯಜಮಾನರ ಮೇಲಿರಬೇಕು. "ಹೊಸದಾಗಿ ಸೇರಿಸಿಕೊಂಡಿದ್ದೇನೆ, ಹಳೆಯದು ನನಗೆ ಸಂಬಂಧವಿಲ್ಲ" ಎಂದರೆ ಈ ವಿನಾಯಿತಿ ಸಿಗದು.

ಕೊಡಬೇಕಾದವರು ಯಾರು?

ಇದಕ್ಕೆ ಉತ್ತರ ಕೊಟ್ಟಿದ್ದು ಸಹಕಾರ ಸಂಘವೊಂದರ ಮೊಕದ್ದಮೆಯೇ ಎಂಬುದು ನಮಗೆ ವಿಶೇಷ. ಆಂಧ್ರದ ಅನಕಾಪಲ್ಲಿಯ ಸಹಕಾರ ಸಂಘವು ಖಾಸಗಿ ಕಂಪನಿಯ ಸಕ್ಕರೆ ಕಾರ್ಖಾನೆಯನ್ನು ಕೊಂಡಿತ್ತು. ಕೆಲಸ ಸಿಗದ ಹಳೆಯ ಕಾರ್ಮಿಕರು ಸಂಘವೇ ತಮ್ಮನ್ನು ತೆಗೆದುಕೊಳ್ಳಬೇಕೆಂದು ಹಟ ಹಿಡಿದರು. 1960ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟು ಈ ವಿವಾದವನ್ನು ತೀರ್ಮಾನಿಸಿತು. ಮಾರಿದವರಿಂದ ಪರಿಹಾರ ಪಡೆಯುವುದು ಕಾರ್ಮಿಕರ ಹಕ್ಕು. ಅದರ ಜೊತೆಗೆ ಕೊಂಡವರಲ್ಲಿ ಕೆಲಸವನ್ನೂ ಹಕ್ಕಾಗಿ ಕೇಳಲು ಬರುವುದಿಲ್ಲ. ಅಂದರೆ ನಮ್ಮ ಸದಸ್ಯರ ಮೊದಲ ಪ್ರಶ್ನೆಗೆ ಉತ್ತರ, ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಎರಡನೆಯದಕ್ಕೆ ಉತ್ತರ, ಮಾರುವವರೇ ಕೊಡಬೇಕು.

ಹಾಗೆಂದು ಕೊಳ್ಳುವವರು ನಿಶ್ಚಿಂತರಾಗುವಂತಿಲ್ಲ. ಭವಿಷ್ಯ ನಿಧಿಯ ಬಾಕಿ ಉಳಿದಿದ್ದರೆ, ಮಾರಾಟದ ದಿನದವರೆಗಿನ ಬಾಕಿಗೆ ಮಾರಿದವರೂ ಕೊಂಡವರೂ ಒಟ್ಟಿಗೆ ಹೊಣೆ. ಕೊಂಡವರ ಹೊಣೆ ತಾವು ಪಡೆದ ಆಸ್ತಿಯ ಬೆಲೆಗೆ ಸೀಮಿತವಷ್ಟೆ.

ಆಳೇ ಹೊಸ ಯಜಮಾನರಲ್ಲಿ ದುಡಿಯಲು ಒಪ್ಪದಿದ್ದರೆ? ಒಪ್ಪಿಗೆಯಿಲ್ಲದೆ ಕಾರ್ಮಿಕರನ್ನು ಬೇರೊಂದು ಆಡಳಿತದ ಕೆಳಗೆ ದುಡಿಯುವಂತೆ ಒತ್ತಾಯಿಸಲಾಗದು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದಕಾರಣ ಮುಂದುವರಿಯುವವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಇಬ್ಬರಿಗೂ ಕ್ಷೇಮ.

ಗ್ರಾಚ್ಯುಟಿ ಬೇರೆಯೇ

ಮೇಲಿನ ಪರಿಹಾರಕ್ಕೂ ಗ್ರಾಚ್ಯುಟಿಗೂ ಸಂಬಂಧವಿಲ್ಲ. ಒಂದನ್ನು ಕೊಟ್ಟು ಇನ್ನೊಂದು ತೀರಿತು ಎನ್ನಲಾಗದು. 1972ರ ಕಾಯಿದೆಯಿಂದ ಬಂದ ಈ ಹಕ್ಕು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಐದು ವರ್ಷ ಸೇವೆ ಮುಗಿಸಿದವರು ತಾವಾಗಿ ಬಿಟ್ಟರೂ ವರ್ಷಕ್ಕೆ 15 ದಿನದ ವೇತನ ಸಲ್ಲುತ್ತದೆ.

ಕಾನೂನಿನ ದೃಷ್ಟಿಯಲ್ಲಿ 'ತೋಟ' ಎಂದರೆ ಕಾಫಿ, ಚಹಾ, ರಬ್ಬರು, ಸಿಂಕೋನಾ, ಏಲಕ್ಕಿ ಬೆಳೆಯುವ 5 ಹೆಕ್ಟೇರು, ಅಂದರೆ ಸುಮಾರು 12 ಎಕರೆ 14 ಗುಂಟೆ ಅಥವಾ ಅದಕ್ಕೆ ಮೇಲ್ಪಟ್ಟ ಹಿಡುವಳಿ. ನಿಗದಿತ ಸಂಖ್ಯೆಯ ಆಳುಗಳೂ ಇರಬೇಕು. ಅಡಿಕೆ ಆ ಪಟ್ಟಿಯಲ್ಲಿಲ್ಲ. ಅಧಿಸೂಚನೆಯ ಮೂಲಕ ಬೇರೆ ಬೆಳೆಗಳನ್ನು ಸೇರಿಸಲು ಸರ್ಕಾರಕ್ಕೆ ಅಧಿಕಾರವಿದೆ. ಕಾಫಿ, ಅಡಿಕೆ ಬೆರೆತ ತೋಟದವರು ಇದನ್ನು ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಒಂದು ಲೆಕ್ಕ

ದಿನಗೂಲಿ 500 ರೂಪಾಯಿ, ಸೇವೆ 18 ವರ್ಷ ಎಂದಿಟ್ಟುಕೊಳ್ಳೋಣ. ಮಾರಾಟದ ಪರಿಹಾರ 15 × 500 × 18, ಅಂದರೆ 1,35,000 ರೂಪಾಯಿ. ಗ್ರಾಚ್ಯುಟಿ ಅಷ್ಟೇ, 1,35,000. ನೋಟೀಸು ಕೊಡದಿದ್ದರೆ 26 ದಿನಗಳಂತೆ ಒಂದು ತಿಂಗಳ ವೇತನ 13,000. ಒಟ್ಟು 2,83,000 ರೂಪಾಯಿ. ಉಳಿದ ಗಳಿಕೆ ರಜೆಯ ಹಣ ಇದಕ್ಕೆ ಹೊರತು. ಇಂಥ ಐವರು ಆಳುಗಳಿದ್ದರೆ ಹದಿನಾಲ್ಕು ಲಕ್ಷವನ್ನು ಮೀರುತ್ತದೆ. ತೋಟದ ಬೆಲೆ ಮಾತಾಡುವಾಗ ಇದನ್ನು ಬದಿಗಿಡುವುದು ಎಷ್ಟು ಅಪಾಯವೆಂದು ಬೆಳೆಗಾರರು ಊಹಿಸಬಹುದು.

ಆಳಿನ ಕಡೆಯಿಂದ ನೋಡಿದರೆ ಈ ಹಣದ ತೂಕ ಇನ್ನೂ ಹೆಚ್ಚು. ಕೆಲಸ ಹೋದವರಿಗೆಲ್ಲ ತಿಂಗಳು ತಿಂಗಳು ಭತ್ಯೆ ಕೊಡುವ ಪದ್ಧತಿ ನಮ್ಮ ದೇಶದಲ್ಲಿಲ್ಲ. ಇ.ಎಸ್.ಐ. ವಿಮೆಯುಳ್ಳವರಿಗಾಗಿ 2018ರ ಜುಲೈಯಲ್ಲಿ ನಿರುದ್ಯೋಗ ಪರಿಹಾರ ಯೋಜನೆಯೊಂದು ಆರಂಭವಾಯಿತು. 2020ರಲ್ಲಿ ಅದನ್ನು ಸರಾಸರಿ ವೇತನದ ಅರ್ಧಕ್ಕೆ ಏರಿಸಿದರು. ಅದೂ 90 ದಿನಗಳ ಮಿತಿಯೊಳಗೆ. ತೋಟದ ಆಳುಗಳಲ್ಲಿ ಬಹುತೇಕರು ಆ ವಿಮೆಯ ಹೊರಗೇ ಇದ್ದಾರೆ. ಹೊಸ ಸಂಹಿತೆಯಲ್ಲಿ ತೋಟದ ಮಾಲೀಕರು ಇಚ್ಛೆಪಟ್ಟು ಇ.ಎಸ್.ಐ.ಗೆ ಸೇರಲು ಅವಕಾಶವಿದೆ. ಅಲ್ಲಿಯವರೆಗೆ, ಲೈನು ಮನೆ ಬಿಟ್ಟು ಹೊರಡುವ ಕುಟುಂಬಕ್ಕೆ ಮುಂದಿನ ಕೆಲಸ ಸಿಗುವ ತನಕ ಗಂಜಿಗೆ ಆಧಾರ ಈ ಪರಿಹಾರವೇ.

ಸದಸ್ಯರಿಗೆ ಸೂಚನೆ

ಮುಂಗಡ ಕೊಡುವ ಮೊದಲೇ ಚೆಕ್‌ರೋಲು ಮತ್ತು ವೇತನ ಪುಸ್ತಕ ತರಿಸಿ ನೋಡಿರಿ. ಪ್ರತಿ ಆಳಿನ ಹೆಸರು, ಸೇರಿದ ವರ್ಷ, ಕೂಲಿ, ಬಾಕಿ ರಜೆ ಬರೆದ ಪಟ್ಟಿಗೆ ಮಾರುವವರ ರುಜು ಇರಲಿ. ಯಾರು ಮುಂದುವರಿಯುತ್ತಾರೆ, ಯಾರು ಬಿಡುತ್ತಾರೆ, ಯಾರ ಹಣ ಯಾರು ಕೊಡುತ್ತಾರೆ ಎಂಬುದು ಕರಾರಿನಲ್ಲಿಯೇ ಬರಲಿ. ಹಣವನ್ನು ಬ್ಯಾಂಕಿನ ಮೂಲಕವೇ ಸಲ್ಲಿಸಿ, ಪರಿಹಾರಕ್ಕೂ ಗ್ರಾಚ್ಯುಟಿಗೂ ಬೇರೆಬೇರೆ ರಸೀದಿ ಪಡೆಯಿರಿ. ಭವಿಷ್ಯ ನಿಧಿಯ ಬಾಕಿ ಇಲ್ಲವೆಂಬುದನ್ನು ಖಾತ್ರಿ ಮಾಡಿಕೊಳ್ಳಿರಿ. ಲೈನು ಮನೆ ತೆರವು ಮಾಡುವ ದಿನವನ್ನು ಮಕ್ಕಳ ಶಾಲೆಯ ವರ್ಷ ನೋಡಿ ಗೊತ್ತುಮಾಡುವುದು ಮನುಷ್ಯತ್ವ.

ನಮ್ಮನ್ನು ಕೇಳಿದ ಸದಸ್ಯರು ಈ ಪಟ್ಟಿಯನ್ನು ಮಾಡಿಸಿದರು. ಮಾರುವವರು ಮೊದಲು ಮುಖ ಗಂಟಿಕ್ಕಿದರೂ ಅಂಕಿಗಳನ್ನು ಕಂಡ ಮೇಲೆ ಒಪ್ಪಿದರು. ಹದಿನೆಂಟು ವರ್ಷದ ಆಳು ಹಳೆಯ ಸೇವೆಯ ಸಮೇತ ಅಲ್ಲಿಯೇ ಮುಂದುವರಿದಿದ್ದಾನೆ. ಆ ತೋಟದಲ್ಲಿ ಯಾವ ಮರಕ್ಕೆ ಏಣಿ ಎಲ್ಲಿ ಇಡಬೇಕೆಂದು ಬಲ್ಲವನು ಅವನೊಬ್ಬನೇ ಎಂದು ಸದಸ್ಯರು ಈಗ ಹೇಳುತ್ತಾರೆ.